ಪಿಟೀಲು ಕಲಿಯಲು ಕೂತ ಮಕ್ಕಳಿಗೆ ಪಾಠದ ಹಾಳೆ ಮಾಡುವುದು ಹೇಗೆ?

ಪಿಟೀಲು ಕ್ಲಾಸಿಗೆ ಹೊಸದಾಗಿ ಬಂದ ಮಗುವಿನ ಕೈಗೆ ನಾವು ಏನು ಕೊಡುತ್ತೇವೆ? ಹೆಚ್ಚಿನ ಕಡೆ ಹಾಡುಗಾರಿಕೆ ಪುಸ್ತಕದ ಜೆರಾಕ್ಸ್. ನಾನೂ ಮೊದಲ ಎರಡು ವರ್ಷ ಅದನ್ನೇ ಕೊಟ್ಟಿದ್ದೆ. ಸರಳೆ ವರಸೆ (ಸ್ವರಗಳನ್ನು ಸಾಲಾಗಿ ಏರಿಳಿಸುವ ಮೊದಲ ಪಾಠ) ಒಂದು ಹಾಳೆ, ಜಂಟಿ ವರಸೆ (ಸ್ವರಗಳು ಜೋಡಿಯಾಗಿ ಬರುವ ಪಾಠ) ಒಂದು ಹಾಳೆ, ಆಮೇಲೆ ಗೀತೆ, ಅಂದರೆ ಸಾಹಿತ್ಯವಿರುವ ಪುಟ್ಟ ರಚನೆ. ಮಗು ಮನೆಗೆ ಹೋಗಿ ಹಾಳೆ ಮುಂದಿಟ್ಟುಕೊಂಡು ಕೂರುತ್ತದೆ. 'ಮ ಪ ದ ಸ' ಎಂದು ಓದಲು ಬರುತ್ತದೆ. ಆದರೆ ಯಾವ ತಂತಿ? ಯಾವ ಬೆರಳು? ಕಮಾನು ಈಗ ಹೋಗಬೇಕೋ, ಬರಬೇಕೋ? ಇದೊಂದೂ ಹಾಳೆಯಲ್ಲಿ ಇರುವುದಿಲ್ಲ. ಮುಂದಿನ ವಾರ ಬರುವಾಗ ಸ್ವರ ಬಾಯಿಪಾಠ ಆಗಿರುತ್ತದೆ, ಕೈಗೆ ಮಾತ್ರ ಬಂದಿರುವುದಿಲ್ಲ.

ಇದರಲ್ಲಿ ಮಗುವಿನ ತಪ್ಪು ಏನೂ ಇಲ್ಲ. ಸರಳೆ, ಜಂಟಿ, ಅಲಂಕಾರ (ಏಳು ತಾಳಗಳಿಗೆ ಹೊಂದಿಸಿದ ಸ್ವರ ಪಾಠ), ಗೀತೆ ಎನ್ನುವ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು (1484–1564) ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಅದು ಕಂಠಕ್ಕಾಗಿ ಮಾಡಿದ ಕ್ರಮ. ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಎಷ್ಟೋ ಕಾಲದ ನಂತರ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ (1786–1858) ಕಾಲದಲ್ಲಿ. ಅಂದರೆ ಗಂಟಲಿಗೆ ಹೊಲಿದ ಅಂಗಿಯನ್ನು ನಾವು ಕೈಗೆ ತೊಡಿಸುತ್ತಿದ್ದೇವೆ. ಬಟ್ಟೆ ಬಹಳ ಒಳ್ಳೆಯದು, ಅದನ್ನು ಬಿಡಬೇಕಾಗಿಲ್ಲ. ಕೈಗೆ ಹೊಂದುವ ಹಾಗೆ ಮತ್ತೆ ಹೊಲಿಯಬೇಕು, ಅಷ್ಟೇ.

ಆ ಹೊಲಿಗೆಯನ್ನು ನಾನು ಹೇಗೆ ಮಾಡುತ್ತೇನೆ ಎಂದು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಕರ್ನಾಟಕ ಶೈಲಿಯ ಪಿಟೀಲು ಕಲಿಸುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಮಕ್ಕಳನ್ನು ಅಭ್ಯಾಸಕ್ಕೆ ಕೂರಿಸುವ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಕೆಲವು ಸಂಗತಿಗಳಿವೆ. ವೀಣೆಗೆ ಮನೆಗಳು (ಸ್ವರದ ಜಾಗ ತೋರಿಸುವ ಅಡ್ಡ ಕಂಬಿಗಳು) ಇರುವುದರಿಂದ ಅದರ ಹಾಳೆ ಬೇರೆಯೇ ಆಗುತ್ತದೆ. ಅದನ್ನು ಇಲ್ಲಿ ಸೇರಿಸಿಲ್ಲ.

1. ಮೊದಲು ಎಲ್ಲರಿಗೂ ಒಂದೇ ಶ್ರುತಿ

ಹಾಳೆ ಬರೆಯುವ ಮೊದಲು ಶ್ರುತಿ, ಅಂದರೆ ಸ ಎಷ್ಟು ಎತ್ತರದಲ್ಲಿರಬೇಕು ಎನ್ನುವುದನ್ನು, ಗೊತ್ತು ಮಾಡಿಕೊಳ್ಳಿ. ಮಕ್ಕಳ ಕ್ಲಾಸಿಗೆ ನಾನು ಇಟ್ಟುಕೊಂಡಿರುವುದು 5 ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ), ಅಂದರೆ ಜಿ. ಅದಕ್ಕೆ ಕಾರಣ ಇದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಂತಿಗಳು ಪಾಶ್ಚಾತ್ಯ ಪದ್ಧತಿಯ ಜಿ, ಡಿ, ಎ, ಇ ಸ್ವರಗಳಿಗೆ ಮಾಡಿದವು. ನಮಗೆ ಬೇಕಾದದ್ದು ಮಂದ್ರ (ಕೆಳಗಿನ ಸ್ಥಾಯಿಯ) ಸ, ಮಂದ್ರ ಪ, ಮಧ್ಯ (ನಡುವಿನ ಸ್ಥಾಯಿಯ) ಸ, ಮಧ್ಯ ಪ. 5 ಮನೆ ಶ್ರುತಿಯಲ್ಲಿ ದಪ್ಪ ತಂತಿ ಜಿ ಹಾಗೇ ಮಂದ್ರ ಸ ಆಗುತ್ತದೆ. ಡಿ ಹಾಗೇ ಮಂದ್ರ ಪ ಆಗುತ್ತದೆ. ಉಳಿದ ಎರಡು ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿದರೆ ಸಾಕು. ತಂತಿ ಬಿಗಿಸುವ ಬಿರಡೆಯ ಮೇಲೆ ಒತ್ತಡ ಕಡಿಮೆ, ತಂತಿ ತುಂಬಾ ಸಡಿಲವೂ ಆಗುವುದಿಲ್ಲ.

ಇದೇ ತಂತಿಗಳನ್ನು 2 ಮನೆಗೆ ಇಳಿಸಿ ನೋಡಿ. ತೆಳು ತಂತಿ ಇ ಯಿಂದ ಎ ವರೆಗೆ ಇಳಿಯಬೇಕಾಗುತ್ತದೆ. ತಂತಿ ಜೋಲು ಬೀಳುತ್ತದೆ, ನಾದ ಮಂಕಾಗುತ್ತದೆ. ಮಗು ತನ್ನ ಕೈ ಸರಿಯಿಲ್ಲ ಎಂದುಕೊಳ್ಳುತ್ತದೆ.

ಶ್ರುತಿ ಗೊತ್ತಾದ ಮೇಲೆ ಪ್ರತಿ ಹಾಳೆಯ ತಲೆಯಲ್ಲಿ ಅದನ್ನು ಬರೆಯಿರಿ: 'ಶ್ರುತಿ 5 ಮನೆ (ಜಿ)'. ಮನೆಯಲ್ಲಿ ಶ್ರುತಿ ಪೆಟ್ಟಿಗೆ ಅಥವಾ ಫೋನಿನ ಆ್ಯಪ್ ಹಾಕುವವರು ಅಮ್ಮನೋ ಅಜ್ಜಿಯೋ ಆಗಿರುತ್ತಾರೆ. ಅವರಿಗೆ ಇದು ಕಣ್ಣಿಗೆ ಬೀಳಬೇಕು.

2. ಬೆರಳಿನ ನಕ್ಷೆ

ಪಿಟೀಲಿನಲ್ಲಿ ಮನೆಗಳಿಲ್ಲ. ಹಾಗಾಗಿ ಮೊದಲ ಹಾಳೆ ಸ್ವರದ್ದಲ್ಲ, ಜಾಗದ್ದು. ಒಂದು ಉದ್ದ ಗೆರೆ ಎಳೆದು ಅದರ ಮೇಲೆ ರಿ, ಗ, ಮ ಎಲ್ಲೆಲ್ಲಿ ಬೀಳುತ್ತವೆ ಎಂದು ತೋರಿಸುವ ಚಿತ್ರ.

ಸರಳೆ ವರಸೆಯನ್ನು ಕಲಿಸುವ ಮಾಯಾಮಾಳವಗೌಳ ರಾಗ ಪಿಟೀಲಿನ ಮಕ್ಕಳಿಗೆ ಒಂದು ವರವೇ ಸರಿ. ಸ ರಿ ಗ ಮ ಹೇಗಿದೆಯೋ ಪ ದ ನಿ ಸ ಕೂಡ ಹಾಗೇ ಇದೆ. ಸ ತಂತಿಯ ಮೇಲೆ ಬೆರಳು ಎಲ್ಲೆಲ್ಲಿ ಬೀಳುತ್ತದೋ ಪ ತಂತಿಯ ಮೇಲೂ ಅಲ್ಲಲ್ಲೇ ಬೀಳುತ್ತದೆ. ಬಿಟ್ಟ ತಂತಿ ಸೊನ್ನೆ. ತೋರುಬೆರಳು 1, ನಡುಬೆರಳು 2, ಉಂಗುರ ಬೆರಳು 3, ಕಿರುಬೆರಳು 4. ಹಾಗಾದರೆ ಸ ರಿ ಗ ಮ ಅಂದರೆ 0 1 2 3. ಪ ದ ನಿ ಸ ಕೂಡ 0 1 2 3. ಒಂದು ನಕ್ಷೆ ಕಲಿತರೆ ಎರಡು ತಂತಿ ಕಲಿತ ಹಾಗೆ.

ಜಾಗಗಳನ್ನು ಅಳೆಯಲು ಸುಲಭ ಲೆಕ್ಕ ಇದೆ. ತಂತಿಯ ಉದ್ದವನ್ನು ಮೇಲಿನ ಅಂಚಿನ ಪಟ್ಟಿಯಿಂದ ಕುದುರೆಯವರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನವರೆಗೆ) ಅಳೆಯಿರಿ. ಆ ಉದ್ದದ ನಾಲ್ಕನೇ ಒಂದು ಭಾಗದಲ್ಲಿ ಮ. ಐದನೇ ಒಂದು ಭಾಗದಲ್ಲಿ ಗ. ಹದಿನಾರನೇ ಒಂದು ಭಾಗದಲ್ಲಿ ರಿ. ಪೂರ್ತಿ ಅಳತೆಯ ಪಿಟೀಲಿನಲ್ಲಿ ತಂತಿಯ ಉದ್ದ ಸುಮಾರು 32.5 ಸೆಂ.ಮೀ. ಅದರಲ್ಲಿ ರಿ ಸುಮಾರು 2 ಸೆಂ.ಮೀ.ಗೆ, ಗ 6.5ಕ್ಕೆ, ಮ 8.1ಕ್ಕೆ ಬರುತ್ತದೆ. ಅರ್ಧ ಅಳತೆಯದ್ದಾಗಲಿ ಮುಕ್ಕಾಲು ಅಳತೆಯದ್ದಾಗಲಿ ಇದೇ ಲೆಕ್ಕ, ಉದ್ದ ಮಾತ್ರ ಬೇರೆ. ಅಳತೆ ಹಾಕಿದ ಮೇಲೆ ಕಿವಿಯಲ್ಲಿ ಕೇಳಿ ಕೂದಲೆಳೆಯಷ್ಟು ಸರಿ ಮಾಡಿಕೊಳ್ಳಿ. ಕೊನೆಯ ಮಾತು ಕಿವಿಯದ್ದೇ.

ಈ ಅಂಕಿಗಳನ್ನು ಸ್ವಲ್ಪ ನೋಡಿ. ರಿ ಯಿಂದ ಗ ಕ್ಕೆ ನಾಲ್ಕೂವರೆ ಸೆಂಟಿಮೀಟರ್. ಗ ದಿಂದ ಮ ಕ್ಕೆ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಎಂಟು ವರ್ಷದ ಮಗುವಿನ ತೋರುಬೆರಳಿಗೂ ನಡುಬೆರಳಿಗೂ ನಡುವೆ ನಾಲ್ಕೂವರೆ ಸೆಂಟಿಮೀಟರ್ ಅಂದರೆ ಸುಮ್ನೆ ಅಲ್ಲ. ಮಗುವಿನ ಗ ಯಾವಾಗಲೂ ಸ್ವಲ್ಪ ಇಳಿದೇ ಕೇಳಿಸುತ್ತದೆ ಎಂದರೆ ಅದು ಕಿವಿಯ ದೋಷ ಅಲ್ಲ, ಬೆರಳು ಎಟುಕುತ್ತಿಲ್ಲ. ಪಿಟೀಲು ದೊಡ್ಡದಾಯಿತೇ ಎಂದು ಮೊದಲು ನೋಡಿ. 'ಮುಂದಕ್ಕೆ ಆಗುತ್ತೆ' ಎಂದು ದೊಡ್ಡದನ್ನು ಕೊಂಡುಕೊಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಶಾಲೆಯ ಸಮವಸ್ತ್ರಕ್ಕೆ ಅದು ಸರಿ, ಪಿಟೀಲಿಗೆ ಬೇಡ.

ಟೇಪ್ ಅಂಟಿಸುವುದಾದರೆ ಎರಡು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ಪೇಪರ್ ಟೇಪ್ ಸಾಕು. ಗ ಮತ್ತು ಮ ಗೆರೆಗಳನ್ನು ಗಟ್ಟಿಯಾಗಿ ಅಂಟಿಸಿ. ರಿ ಗೆರೆಯನ್ನು ಕಿತ್ತು ತೆಗೆಯಲು ಬರುವಂತೆ ಅಂಟಿಸಿ. ಮುಂದೆ ಶಂಕರಾಭರಣಕ್ಕೆ ಹೋದಾಗ ಗ, ಮ, ನಿ, ಸ ಇದ್ದಲ್ಲೇ ಇರುತ್ತವೆ. ರಿ, ದ ಮಾತ್ರ ಜರುಗುತ್ತವೆ, ತಂತಿಯ ಒಂಬತ್ತನೇ ಒಂದು ಭಾಗಕ್ಕೆ. ಒಂದು ಗೆರೆ ಸರಿಸಿದರೆ ರಾಗವೇ ಬದಲಾಯಿತು ಎಂದು ಮಗು ತನ್ನ ಕಣ್ಣಲ್ಲೇ ನೋಡುತ್ತದೆ. ಮೇಳ (ರಾಗಕ್ಕೆ ಆಧಾರವಾದ ಏಳು ಸ್ವರಗಳ ಗುಂಪು) ಅಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಬೇರೆ ದಾರಿ ಸಿಕ್ಕಿಲ್ಲ.

3. ಕಮಾನಿಗೇ ಒಂದು ಹಾಳೆ

ಎಡಗೈ ಇನ್ನೂ ಸುಮ್ಮನಿರುವಾಗಲೇ ಬಲಗೈಗೆ ಪಾಠ ಕೊಡಿ. ಬಿಟ್ಟ ತಂತಿಯ ಮೇಲೆ ಕಮಾನು ಮಾತ್ರ. ಇದಕ್ಕೆ ಸ್ವರ ಬೇಡ, ಸೊಲ್ಲು ಸಾಕು. ತಕದಿಮಿ, ತಕಿಟ, ತಕತಕಿಟ.

ಗುರುತು ಎರಡೇ. ಕಮಾನಿನ ಹಿಡಿಯಿಂದ ತುದಿಯ ಕಡೆಗೆ ಎಳೆದರೆ ↓. ತುದಿಯಿಂದ ಹಿಡಿಯ ಕಡೆಗೆ ತಂದರೆ ↑. ಎರಡು ಮೂರು ಸ್ವರ ಒಂದೇ ಎಳೆತದಲ್ಲಿ ಬರಬೇಕಾದರೆ ಅವುಗಳ ಕೆಳಗೆ ಒಂದು ಬಾಗಿದ ಗೆರೆ.

ತಕದಿಮಿ ಬರೆದು ನೋಡಿ: ↓↑↓↑. ಪ್ರತಿ ಸಲ 'ತ' ಬರುವುದು ↓ ನಲ್ಲೇ. ಈಗ ತಕಿಟ: ↓↑↓, ಮುಂದಿನದು ↑↓↑. ಎರಡನೇ 'ತ' ತಿರುಗಿಬಿಟ್ಟಿತು. ಇದನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ, ಆಟದ ಹಾಗೆ ಇರುತ್ತದೆ. ↑ ನಲ್ಲಿ ಶುರುವಾದ 'ತ' ಕೂಡ ಅಷ್ಟೇ ಗಟ್ಟಿಯಾಗಿ ಕೇಳಿಸಬೇಕು. ಎರಡು ವಾರ ಇದೊಂದನ್ನೇ ಮಾಡಿಸಿದರೂ ನಷ್ಟವಿಲ್ಲ.

ಇದರಿಂದ ಮುಂದೆ ಅಲಂಕಾರಕ್ಕೆ ದೊಡ್ಡ ಉಪಕಾರ ಆಗುತ್ತದೆ. ಏಳು ಅಲಂಕಾರಗಳ ಒಂದೊಂದು ಆವರ್ತದಲ್ಲಿ (ತಾಳದ ಒಂದು ಸುತ್ತಿನಲ್ಲಿ) ಎಷ್ಟು ಎಳೆತ ಬರುತ್ತದೆ ಎಂದು ನಾನು ಒಮ್ಮೆ ಕೂತು ಎಣಿಸಿದೆ, ಒಂದು ಸ್ವರಕ್ಕೆ ಒಂದು ಎಳೆತದಂತೆ. ಧ್ರುವದಲ್ಲಿ 14, ಮಠ್ಯದಲ್ಲಿ 10, ರೂಪಕದಲ್ಲಿ 6, ಏಕದಲ್ಲಿ 4. ಅಟ್ಟತಾಳಕ್ಕೆ 14 ಅಕ್ಷರ (ಎಣಿಕೆ) ಇದ್ದರೂ ಕಾರ್ವೆಗಳನ್ನು, ಅಂದರೆ ಹಿಂದಿನ ಸ್ವರವೇ ನಿಲ್ಲುವ ಎಣಿಕೆಗಳನ್ನು, ಬಿಟ್ಟರೆ ಎಳೆತ 8. ಇವೆಲ್ಲ ಸರಿಸಂಖ್ಯೆ. ಹಾಗಾಗಿ ಪ್ರತಿ ಆವರ್ತವೂ ↓ ನಲ್ಲೇ ಶುರು. ತ್ರಿಪುಟದಲ್ಲಿ ಮಾತ್ರ 7. ಝಂಪೆಗೆ 10 ಅಕ್ಷರ ಇದ್ದರೂ ಕೊನೆಯ ಸ್ವರ ಎರಡು ಅಕ್ಷರ ನಿಲ್ಲುವುದರಿಂದ ಎಳೆತ 9. ಈ ಎರಡರಲ್ಲಿ ಮಾತ್ರ ಎರಡನೇ ಆವರ್ತ ↑ ನಲ್ಲಿ ಶುರುವಾಗುತ್ತದೆ. ಝಂಪೆ ಅಲಂಕಾರದಲ್ಲಿ ಮಕ್ಕಳು ಯಾಕೆ ಪ್ರತಿ ಸಲ ಎಡವುತ್ತಾರೆ ಎಂದು ನನಗೆ ಅರ್ಥವಾದದ್ದು ಆವತ್ತು. ತಾಳ ಗೊತ್ತಿತ್ತು, ಸ್ವರ ಗೊತ್ತಿತ್ತು, ಕಮಾನು ತಿರುಗಿದ್ದನ್ನು ಯಾರೂ ಹೇಳಿರಲಿಲ್ಲ. ಈಗ ಈ ಎರಡು ಹಾಳೆಗಳಲ್ಲಿ ಮೊದಲ ಎರಡು ಆವರ್ತಕ್ಕೂ ಬಾಣದ ಗುರುತು ಹಾಕಿಯೇ ಕೊಡುತ್ತೇನೆ.

4. ಗೀತೆಯನ್ನು ಬಿಚ್ಚಿ ನೋಡುವುದು

ಇದು ಇಡೀ ಕೆಲಸದ ಹೂರಣ. ಯಾವುದೇ ರಚನೆಯನ್ನು ಹಾಳೆಗೆ ಇಳಿಸುವ ಮೊದಲು ಪಿಟೀಲು ಹಿಡಿದು ಕೂತು, ಈ ಸಾಲು ಕೈಗೆ ಏನು ಕೆಲಸ ಕೊಡುತ್ತದೆ ಎಂದು ನೋಡಬೇಕು. ಎಲ್ಲರೂ ಕಲಿಯುವ ಮೊದಲ ಗೀತೆ, ಮಲಹರಿಯ 'ಶ್ರೀ ಗಣನಾಥ'ವನ್ನೇ ತೆಗೆದುಕೊಳ್ಳೋಣ. ರೂಪಕ ತಾಳ, ಎರಡು ಮತ್ತು ನಾಲ್ಕು ಸೇರಿ ಆರು ಅಕ್ಷರ. ತಾರ (ಮೇಲಿನ) ಸ್ಥಾಯಿಗೆ ಇಲ್ಲಿ ಅಕ್ಷರದ ಪಕ್ಕ ' ಗುರುತು ಹಾಕಿದ್ದೇನೆ.

ಸ್ವರ: ಮ ಪ | ದ ಸ' ಸ' ರಿ' || ರಿ' ಸ' | ದ ಪ ಮ ಪ ||
ಬೆರಳು: 3 0 | 1 3 3 4 || 4 3 | 1 0 3 0 ||
ಕಮಾನು: ↓ ↑ | ↓ ↑ ↓ ↑ || ↓ ↑ | ↓ ↑ ↓ ↑ ||

ಸ್ವರ: ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||
ಬೆರಳು: 1 3 | 0 1 3 0 || 1 0 | 3 2 1 0 ||
ಕಮಾನು: ↓ ↑ | ↓ ↑ ↓ ↑ || ↓ ↑ | ↓ ↑ ↓ ↑ ||

ಹಾಡುವವರಿಗೆ ಇದು ಸಲೀಸು. ಈಗ ಪಿಟೀಲಿನ ಕಣ್ಣಿನಿಂದ ನೋಡಿ. ಮೊದಲ ಎರಡು ಸ್ವರದಲ್ಲೇ ತಂತಿ ದಾಟಬೇಕು: ಮ ಇರುವುದು ಸ ತಂತಿಯಲ್ಲಿ, ಪ ಪಕ್ಕದ ಬಿಟ್ಟ ತಂತಿ. ಮೊದಲ ಸಾಲಿನಲ್ಲಿ ಹೀಗೆ ಮೂರು ಸಲ ದಾಟುವುದಿದೆ, ಎರಡನೇ ಸಾಲಿನಲ್ಲಿ ನಾಲ್ಕು ಸಲ. ಆರನೇ ಸ್ವರಕ್ಕೇ ತಾರ ರಿ ಬಂತು, ಅದಕ್ಕೆ ಕಿರುಬೆರಳು ಬೇಕು. ಸರಳೆ ವರಸೆ ಪೂರ್ತಿ ಮುಗಿಸಿ ಬಂದ ಮಗು ಕಿರುಬೆರಳನ್ನು ಒಮ್ಮೆಯೂ ಇಟ್ಟಿರುವುದಿಲ್ಲ. ಹಾಗೆಯೇ ಎರಡನೇ ಬೆರಳು. ಮಲಹರಿಯಲ್ಲಿ ನಿ ಇಲ್ಲ, ಗ ಇರುವುದು ಇಳಿಯುವಾಗ ಮಾತ್ರ. ಈ ಇಪ್ಪತ್ತನಾಲ್ಕು ಸ್ವರದಲ್ಲಿ ನಡುಬೆರಳು ತಂತಿ ಮುಟ್ಟುವುದು ಒಂದೇ ಒಂದು ಸಲ!

ಒಬ್ಬ ಹುಡುಗಿ ಇದೇ ಸಾಲಿನಲ್ಲಿ ಮೂರು ವಾರ ನಿಂತುಬಿಟ್ಟಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಎಡಗೈ ನೋಡಿದೆ. 'ದ ಸ ಸ' ವರೆಗೂ ಕೈ ಚೆನ್ನಾಗಿತ್ತು. ರಿ ಹತ್ತಿರ ಬಂದ ಕೂಡಲೇ ಕಿರುಬೆರಳು ಚಾಚಲು ಉಳಿದ ಮೂರೂ ಬೆರಳನ್ನು ಎತ್ತಿಬಿಡುತ್ತಿದ್ದಳು. ಎತ್ತಿದ ಮೇಲೆ ವಾಪಸ್ ಸ ಎಲ್ಲಿದೆ ಎಂದು ಹುಡುಕಬೇಕು. ನಿಜವಾಗಿ ನೋಡಿದರೆ ಪ ತಂತಿಯಲ್ಲಿ ತಾರ ಸ ದಿಂದ ತಾರ ರಿ ಗೆ ಇರುವ ದೂರ ಒಂದೂವರೆ ಸೆಂಟಿಮೀಟರ್ ಮಾತ್ರ. ಮೂರನೇ ಬೆರಳನ್ನು ಒತ್ತಿಕೊಂಡೇ ಕಿರುಬೆರಳನ್ನು ಪಕ್ಕದಲ್ಲಿ ಇಟ್ಟರೆ ಆಯಿತು. ಆವತ್ತು ಒಂದು ಚೀಟಿಯಲ್ಲಿ ನಾಲ್ಕು ಸ್ವರ ಬರೆದುಕೊಟ್ಟೆ: 'ಸ' ರಿ' ಸ' ರಿ''. ಕೆಳಗೆ 'ಮೂರನೇ ಬೆರಳು ಎತ್ತಬೇಡ' ಎಂದು ಬರೆದೆ. ಮುಂದಿನ ಭಾನುವಾರ ಬಂದು ಎರಡೂ ಸಾಲು ನುಡಿಸಿದಳು. ಆ ಚೀಟಿ ಈಗ ನನ್ನ ಗೀತೆಯ ಹಾಳೆಯ ಖಾಯಂ ಭಾಗ.

ಅಂದರೆ ಗೀತೆಯ ಹಾಳೆಗೆ ಮೊದಲು ಒಂದು 'ಮುನ್ನಾಳೆ' ಬೇಕು. ಇದಕ್ಕೆ ನಾನು ಬರೆಯುವುದು ನಾಲ್ಕು ತುಣುಕು:

ತಂತಿ ದಾಟಲು: ಮ ಪ ಮ ಪ | ಮ ದ ಮ ದ ||
ಕಿರುಬೆರಳಿಗೆ: ಸ' ರಿ' ಸ' ರಿ' | ದ ಸ' ರಿ' ಸ' ||
ಹಾರುವುದಕ್ಕೆ: ರಿ ಮ ರಿ ಮ | ದ ಸ' ದ ಸ' ||
ಬೆರಳು ಒತ್ತಿಹಿಡಿಯಲು: ಸ' ಸ' ರಿ' ರಿ' | ಸ' ಸ' ದ ದ ||

ಕೊನೆಯದು ಯಾಕೆ? ಗೀತೆಯಲ್ಲಿ ಸ' ಸ' ಎಂದು ಎರಡು ಸಲ ಬರುತ್ತದೆ, ಆವರ್ತ ದಾಟುವಾಗ ರಿ' ರಿ' ಎಂದು ಬರುತ್ತದೆ. ಅಲ್ಲಿ ಕಮಾನು ಮಾತ್ರ ತಿರುಗಬೇಕು, ಬೆರಳು ಏಳಬಾರದು. ಮಕ್ಕಳಿಗೆ ಕಮಾನು ತಿರುಗಿದರೆ ಬೆರಳೂ ಏಳುತ್ತದೆ. ಎರಡು ಕೈಯ ಕೆಲಸ ಬೇರೆ ಬೇರೆ ಎಂದು ತಿಳಿಯಲು ಈ ತುಣುಕು ಬೇಕು.

ಬೆರಳಿನ ವಿಷಯದಲ್ಲಿ ಒಂದು ಮಾತು. ಗ ದಿಂದ ಮ ಕ್ಕೆ ಅದೇ ಬೆರಳನ್ನು ಜಾರಿಸುವ ಪಾಠಾಂತರಗಳಿವೆ, ತಾರ ರಿ ಗೆ ಕೈಯನ್ನೇ ಮೇಲೆ ಸರಿಸುವವರೂ ಇದ್ದಾರೆ. ನಿಮ್ಮ ಗುರುಗಳ ದಾರಿ ಯಾವುದೋ ಅದನ್ನೇ ಬರೆಯಿರಿ. ಆದರೆ ಒಂದನ್ನು ಬರೆಯಿರಿ. ಖಾಲಿ ಬಿಡಬೇಡಿ.

ಗಮಕವನ್ನು (ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವುದನ್ನು) ಮಾತ್ರ ನಾನು ಈ ಹಂತದಲ್ಲಿ ಹಾಳೆಯ ಮೇಲೆ ಬರೆಯುವುದಿಲ್ಲ. ಅದು ಎದುರು ಕೂತು ಕೇಳಿ ಕಲಿಯಬೇಕಾದದ್ದು. ಬರೆದ ಗೆರೆ ನೋಡಿ ನುಡಿಸಿದ ಕಂಪಿತ ಯಂತ್ರದ ಹಾಗೆ ಕೇಳಿಸುತ್ತದೆ.

5. ನೀವೇ ಕಟ್ಟುವ ಪುಟ್ಟ ಪಾಠಗಳು

ಸರಳೆಗೂ ಗೀತೆಗೂ ನಡುವೆ ಮಕ್ಕಳಿಗೆ ಬೇಸರ ಹಿಡಿಯುವ ಒಂದು ಕಾಲ ಇದೆ. ಆಗ ಅವರಿಗೆ ರಾಗವಾಗಿ ಕೇಳಿಸುವ ಏನಾದರೂ ಬೇಕು. ಇಲ್ಲಿ ದೀಕ್ಷಿತರೇ ನಮಗೆ ದಾರಿ ತೋರಿಸಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರು ತಮ್ಮ ಕಾಲದಲ್ಲಿ ಕೇಳಿದ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟ್ಟುಸ್ವರಗಳನ್ನು ಮಾಡಿದರು. ಎಲ್ಲ ಶಂಕರಾಭರಣದ ಸ್ವರಗಳಲ್ಲಿ, ಗಮಕದ ಭಾರವಿಲ್ಲದೆ. ಅದರಲ್ಲಿ 'ಶ್ಯಾಮಲೇ ಮೀನಾಕ್ಷಿ' ನಮ್ಮ ಮಕ್ಕಳು ಎಲ್‌ಕೆಜಿಯಲ್ಲೇ ಹಾಡುವ 'ಟ್ವಿಂಕಲ್ ಟ್ವಿಂಕಲ್' ಮಟ್ಟು.

ಸ ಸ ಪ ಪ ದ ದ ಪಾ, ಅಂದರೆ 0 0 0 0 1 1 0.
ಮ ಮ ಗ ಗ ರಿ ರಿ ಸಾ, ಅಂದರೆ 3 3 2 2 1 1 0.

ಮೊದಲ ಸಾಲಿನಲ್ಲಿ ಒಂದೇ ಬೆರಳು. ಎರಡನೆಯದರಲ್ಲಿ ಮೂರು ಬೆರಳು ಒಂದೊಂದಾಗಿ ಏಳುತ್ತವೆ. ಕಿರುಬೆರಳು ಬೇಡವೇ ಬೇಡ. ಪಿಟೀಲಿನ ಹೊಸಬರಿಗೆ ಇದಕ್ಕಿಂತ ಹದವಾದ ಪಾಠ ನಾನು ಕಂಡಿಲ್ಲ. ಕೈಗೂ ಹಿತ. ಶಂಕರಾಭರಣದ ರಿ ಯಿಂದ ಗ ಕ್ಕೆ ದೂರ ಪೂರ್ತಿ ಅಳತೆಯ ಪಿಟೀಲಿನಲ್ಲಿ ಮೂರು ಸೆಂಟಿಮೀಟರಿನ ಒಳಗೇ.

ನೀವೇ ಹೊಸದಾಗಿ ಕಟ್ಟುವಾಗ ಕಟ್ಟುಪಾಡು ಹಾಕಿಕೊಳ್ಳಿ. ಒಂದು ಪಾಠಕ್ಕೆ ಒಂದೇ ಹೊಸ ಕಷ್ಟ. ತಂತಿ ದಾಟುವುದು ಹೊಸದಾದರೆ ಕಮಾನು ಹಳೆಯದೇ ಇರಲಿ. ಒಂದೇ ಎಳೆತದಲ್ಲಿ ಎರಡು ಸ್ವರ ಹೊಸದಾದರೆ ಒಂದೇ ತಂತಿಯಲ್ಲಿ ಇರಲಿ. ಎರಡು ಆವರ್ತ ಸಾಕು. ಹೆಸರಿಡಿ. 'ಅಭ್ಯಾಸ 7' ಎಂದರೆ ಯಾವ ಮಗುವಿಗೂ ನೆನಪಿರುವುದಿಲ್ಲ. 'ಏಣಿ', 'ಜೋಕಾಲಿ', 'ಮೊಲ' ಎಂದರೆ ಮುಂದಿನ ವಾರ ಬಂದು 'ಜೋಕಾಲಿ ಬಂತು, ಮೊಲ ಬರಲಿಲ್ಲ' ಎಂದು ತಾವೇ ಹೇಳುತ್ತಾರೆ.

ಕಟ್ಟಿದ್ದನ್ನು ಕೊಡುವ ಮೊದಲು ಒಮ್ಮೆ ಹಾಡಿ ನೋಡಿ. ಹಾಡಿದಾಗ ಚೆಂದ ಇಲ್ಲದ ಸಾಲು ಬೆರಳಿಗೆ ಎಷ್ಟೇ ಒಳ್ಳೆಯದಾದರೂ ಬೇಡ.

6. ಹಾಳೆಯ ರೂಪ

ನಮ್ಮ ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ಸುರುಳಿಯನ್ನು ಬಲಗಾಲಿನ ಹರಡಿನ ಮೇಲೆ ಇಟ್ಟು ನುಡಿಸುತ್ತಾರೆ. ಹಾಳೆ ಎರಡು ಮೂರು ಅಡಿ ದೂರದಲ್ಲಿ ನೆಲದ ಮೇಲೆ ಇರುತ್ತದೆ. ಪುಸ್ತಕದ ಅಕ್ಷರದ ಗಾತ್ರ ಅಲ್ಲಿಗೆ ಕಾಣಿಸುವುದಿಲ್ಲ. ಮಗು ಬಗ್ಗುತ್ತದೆ, ಬಗ್ಗಿದರೆ ಕಮಾನು ಓರೆಯಾಗುತ್ತದೆ. ಅಕ್ಷರ 20 ಪಾಯಿಂಟ್‌ಗಿಂತ ಕಡಿಮೆ ಬೇಡ. ಒಂದು ಹಾಳೆಗೆ ನಾಲ್ಕು ಸಾಲು ಹಿಡಿದರೆ ಸಾಕು. ಮನೆಯಲ್ಲಿ ಪೂಜೆಯ ಪುಸ್ತಕ ಇಡುವ ವ್ಯಾಸಪೀಠ ಇದ್ದರೆ ಬಹಳ ಒಳ್ಳೆಯದು. ಅದನ್ನು ಎಡಕ್ಕೆ ಇಡಲು ಹೇಳಿ, ಬಲಕ್ಕಿಟ್ಟರೆ ಕಮಾನು ತಾಗುತ್ತದೆ.

ಕಂಪ್ಯೂಟರಿನಲ್ಲಿ ಮಾಡುವವರು ಸ್ವರಗಳನ್ನು ಸ್ಪೇಸ್ ಬಾರ್ ಒತ್ತಿ ಜೋಡಿಸಲು ಹೋಗಬೇಡಿ. ಕನ್ನಡದ ಅಕ್ಷರಗಳ ಅಗಲ ಒಂದೇ ಇಲ್ಲ. ರಿ ಕೆಳಗಿನ 1 ಇನ್ನೆಲ್ಲೋ ಹೋಗಿ ಕೂರುತ್ತದೆ. ವರ್ಡ್ ಆಗಲಿ ಗೂಗಲ್ ಡಾಕ್ಸ್ ಆಗಲಿ, ಟೇಬಲ್ ಹಾಕಿ. ಒಂದು ಅಕ್ಷರಕಾಲಕ್ಕೆ ಒಂದು ಚೌಕ. ಮೇಲಿನ ಸಾಲು ಸ್ವರ, ಅದರ ಕೆಳಗೆ ಬೆರಳು, ಅದರ ಕೆಳಗೆ ಕಮಾನು, ಕೊನೆಗೆ ಸಾಹಿತ್ಯ. ಕಾರ್ವೆ ಬಂದಲ್ಲಿ ಆ ಚೌಕದಲ್ಲಿ ಅಲ್ಪವಿರಾಮ ಹಾಕಿ ಬಿಡಿ, ಮಗುವಿಗೆ 'ಇಲ್ಲಿ ಕಾಯಬೇಕು' ಎಂದು ಕಾಣಿಸುತ್ತದೆ. ತಂತಿಯ ಗುರುತಿಗೆ ಬೇರೆ ಸಾಲು ಬೇಡ. ಪ ತಂತಿಯ ಸ್ವರಗಳ ಚೌಕಕ್ಕೆ ತೆಳು ಬೂದು ಬಣ್ಣ ತುಂಬಿ. ಬಣ್ಣದ ಅಕ್ಷರ ಜೆರಾಕ್ಸ್‌ನಲ್ಲಿ ಹೋಗಿಬಿಡುತ್ತದೆ, ಬೂದು ಉಳಿಯುತ್ತದೆ.

ತಾರ ಸ್ಥಾಯಿಗೆ ಅಕ್ಷರದ ಮೇಲೆ ಚುಕ್ಕಿ ಇಡುವುದು ನಮ್ಮ ರೂಢಿ. ಕೈಯಲ್ಲಿ ಬರೆಯುವಾಗ ಸುಲಭ. ಟೈಪ್ ಮಾಡಿದರೆ ಹಲವು ಫಾಂಟ್‌ಗಳಲ್ಲಿ ಚುಕ್ಕಿ ಜಾರಿ ಪಕ್ಕಕ್ಕೆ ಬೀಳುತ್ತದೆ. ಮುದ್ರಿಸಿದ ಮೇಲೆ ಪೆನ್ನಿನಲ್ಲಿ ಚುಕ್ಕಿ ಇಟ್ಟು ಆಮೇಲೆ ಜೆರಾಕ್ಸ್ ಮಾಡಿಸುವುದು ನಾನು ಕಂಡುಕೊಂಡ ದಾರಿ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ ಪಿಡಿಎಫ್ ಮಾಡಿಯೇ ಕಳಿಸಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಚೌಕುಳಿ ಇರುವ ಲೆಕ್ಕದ ಪುಸ್ತಕದಲ್ಲಿ ಕೈಯಲ್ಲಿ ಬರೆದ ಹಾಳೆ ಇಷ್ಟೇ ಚೆನ್ನಾಗಿರುತ್ತದೆ.

7. ಕೇಳಿಸುವ ಪಾಠ

ಹಾಳೆಯ ಜೊತೆ ಧ್ವನಿ ಬೇಕೇ ಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ನಡೆಯುತ್ತದೆ. ಫ್ಯಾನ್ ಆರಿಸಿ, ಫೋನನ್ನು ನಾಲ್ಕೈದು ಅಡಿ ದೂರ ಇಡಿ. ಹತ್ತಿರ ಇಟ್ಟರೆ ಕಮಾನಿನ ಕರಕರ ಜಾಸ್ತಿ ಬರುತ್ತದೆ.

ಪೂರ್ತಿ ಗೀತೆಯನ್ನು ನುಡಿಸಿ ಕಳಿಸಿದರೆ ಮಗು ಕೇಳುತ್ತದೆ, ಅಭ್ಯಾಸ ಮಾಡುವುದಿಲ್ಲ. ಜಾಗ ಬಿಡಬೇಕು. ಶ್ರುತಿ ಮತ್ತು ತಾಳ ಓಡುತ್ತಲೇ ಇರಲಿ. ನೀವು ಒಂದು ಸಾಲು ನುಡಿಸಿ, ಅಷ್ಟೇ ಹೊತ್ತು ಸುಮ್ಮನಿರಿ, ಆಗ ಮಗು ನುಡಿಸಲಿ. ನಿಮಿಷಕ್ಕೆ 60 ಎಣಿಕೆಯಲ್ಲಿ ಮೇಲಿನ ಒಂದು ಸಾಲಿಗೆ 12 ಸೆಕೆಂಡ್. 12 ಸೆಕೆಂಡ್ ನೀವು, 12 ಸೆಕೆಂಡ್ ಮಗು. ಇದೇ ಸಾಲು ನಾಲ್ಕು ಸಲ. ಎರಡು ನಿಮಿಷವೂ ಆಗುವುದಿಲ್ಲ. ಇಂಥ ಫೈಲನ್ನು ಮಕ್ಕಳು ದಿನಕ್ಕೆ ಎರಡು ಮೂರು ಸಲ ಹಾಕಿಕೊಳ್ಳುತ್ತಾರೆ. ಹತ್ತು ನಿಮಿಷದ ಫೈಲನ್ನು ಮೊದಲ ದಿನ ಮಾತ್ರ ಹಾಕುತ್ತಾರೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಬಳಸಲು ಬಂದರೆ ಇನ್ನೊಂದು ಅನುಕೂಲ. ಪಿಟೀಲನ್ನು ಎಡಗಿವಿಗೆ, ಶ್ರುತಿ ತಾಳವನ್ನು ಬಲಗಿವಿಗೆ ಹಾಕಿ ಫೈಲ್ ಮಾಡಿ. ಇಯರ್‌ಫೋನಿನ ಎಡಗಡೆಯದನ್ನು ತೆಗೆದರೆ ಮಗುವಿಗೆ ಶ್ರುತಿ ತಾಳ ಮಾತ್ರ ಕೇಳುತ್ತದೆ. ಒಂದೇ ಫೈಲಿನಲ್ಲಿ ಎರಡು ಪಾಠ.

8. ಎಲ್ಲರೂ ಸೇರಿ ನುಡಿಸಲು

ಗಣೇಶ ಹಬ್ಬಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಬೇಕಾಗುತ್ತದೆ. ಒಬ್ಬ ನಿನ್ನೆ ಸೇರಿದವನು, ಇನ್ನೊಬ್ಬಳು ವರ್ಣದಂಥ ದೊಡ್ಡ ರಚನೆ ನುಡಿಸುವವಳು. ಹೊಸಬರನ್ನು ಹಿಂದೆ ಕೂರಿಸಿ 'ಸುಮ್ನೆ ಕಮಾನು ಆಡಿಸು' ಎನ್ನುವುದನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಅದರ ಅಗತ್ಯವೇ ಇಲ್ಲ. ಅದೇ ಗೀತೆಯನ್ನು ನಾಲ್ಕು ಪದರ ಮಾಡಿ.

ಹೊಸಬರಿಗೆ ಬಿಟ್ಟ ತಂತಿ: ದ್ರುತದ ಎರಡು ಅಕ್ಷರಕ್ಕೆ ಸ, ಲಘುವಿನ ನಾಲ್ಕು ಅಕ್ಷರಕ್ಕೆ ಪ. ಸ ↓, ಪ ↑. ನಾಲ್ಕು ಎಣಿಕೆ ಕಮಾನು ನಡುಗದೆ ಎಳೆಯುವುದೇ ಅವರಿಗೆ ದೊಡ್ಡ ಪಾಠ, ಕೇಳುವವರಿಗೆ ತುಂಬಿದ ಶ್ರುತಿ.

ಸ್ವಲ್ಪ ಮುಂದಿನವರಿಗೆ 'ರಿ ಮ ಪ ದ ಮ ಪ ದ ಪ ಮ ಗ ರಿ ಸ' ಸಾಲು ಮಾತ್ರ. ಈ ಗೀತೆಯಲ್ಲಿ ಆ ಸಾಲು ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಅವರು ಸೇರಿಕೊಳ್ಳಲಿ, ಉಳಿದ ಹೊತ್ತು ಹೊಸಬರ ಜೊತೆ ಸ ಪ ಹಿಡಿಯಲಿ. ಅವರ ಹಾಳೆಯಲ್ಲಿ ಎಷ್ಟು ಆವರ್ತ ಕಾಯಬೇಕು ಎಂದು ಅಂಕಿಯಲ್ಲಿ ಬರೆಯಿರಿ.

ಮೂರನೆಯವರು ಪೂರ್ತಿ ಗೀತೆ ನುಡಿಸುತ್ತಾರೆ. ನಾಲ್ಕನೆಯವರು, ದೊಡ್ಡ ಮಕ್ಕಳು, ಅದೇ ಗೀತೆಯನ್ನು ಮಂದ್ರದಲ್ಲಿ ನುಡಿಸುತ್ತಾರೆ. ಇಲ್ಲಿ ನಮ್ಮ ಸ ಪ ಸ ಪ ಕಟ್ಟುವಿಕೆಯ ಲಾಭ ಇದೆ. ಎರಡು ತಂತಿ ಕೆಳಗೆ ಹೋದರೆ ಬೆರಳು ಒಂದೂ ಬದಲಾಗುವುದಿಲ್ಲ, ಸ್ಥಾಯಿ ಮಾತ್ರ ಇಳಿಯುತ್ತದೆ. ಹೊಸ ಹಾಳೆ ಮಾಡಬೇಕಾಗಿಯೇ ಇಲ್ಲ. ಮೈಕಿಲ್ಲದ ಕಾಲದಲ್ಲಿ ನಾದ ದೊಡ್ಡದಾಗಲಿ ಎಂದು ನಮ್ಮ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡಿದ್ದರು. ಎರಡು ಸ್ಥಾಯಿ ಕೂಡಿದ ಮಕ್ಕಳ ಗುಂಪನ್ನು ಕೇಳುವಾಗ ನನಗೆ ಅದು ನೆನಪಾಗುತ್ತದೆ.

9. ಯಾವುದನ್ನು ಹಂಚಬಹುದು?

ಪುರಂದರದಾಸರ, ದೀಕ್ಷಿತರ ರಚನೆಗಳಿಗೆ ಹಕ್ಕಿನ ತೊಡಕಿಲ್ಲ. ಇತ್ತೀಚಿನ ಕವಿಗಳದ್ದಾದರೆ ನೋಡಿ ಹೆಜ್ಜೆ ಇಡಿ. ನಮ್ಮ ದೇಶದಲ್ಲಿ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಕವನಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ಕ್ಲಾಸಿನಲ್ಲಿ ಕಲಿಸುವುದು ಬೇರೆ, ಪುಸ್ತಕ ಮಾಡಿ ಮಾರುವುದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕು. ಬೇರೆ ಮೇಷ್ಟ್ರ ಹಾಳೆಯಿಂದ ತೆಗೆದುಕೊಂಡರೆ ಕೇಳಿ ತೆಗೆದುಕೊಳ್ಳಿ, ಅವರ ಹೆಸರು ಹಾಕಿ.

10. ಪೆನ್ಸಿಲ್ ಕೆಲಸ

ಹಾಳೆ ಮೊದಲ ಸಲಕ್ಕೇ ಸರಿಯಾಗುವುದಿಲ್ಲ. ಪ್ರತಿ ಹಾಳೆಯ ಒಂದು ಪ್ರತಿ ನನ್ನ ಹತ್ತಿರ ಇರುತ್ತದೆ, ಮೂಲೆಯಲ್ಲಿ ತಾರೀಖು ಹಾಕಿ. ಮಗು ನುಡಿಸುವಾಗ ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಚಿಕ್ಕ ಗೆರೆ. ಒಂದೇ ಜಾಗದಲ್ಲಿ ಮೂರು ಮಕ್ಕಳ ಗೆರೆ ಬಿದ್ದರೆ ತೊಂದರೆ ಹಾಳೆಯಲ್ಲಿದೆ. ಅಲ್ಲಿಗೆ ಮುನ್ನಾಳೆಯಲ್ಲಿ ಒಂದು ತುಣುಕು ಸೇರಿಸುತ್ತೇನೆ. ಈ ವಾರ 'ಶ್ರೀ ಗಣನಾಥ'ದ ಎರಡನೇ ಸಾಲಿನಲ್ಲಿ, 'ದ ಮ' ಹತ್ತಿರ ಮೂರನೇ ಗೆರೆ ಬಿತ್ತು. ಪ ತಂತಿಯ ಮೊದಲ ಬೆರಳಿನಿಂದ ಸ ತಂತಿಯ ಮೂರನೇ ಬೆರಳಿಗೆ ಬರುವಾಗ ಕಮಾನು ಎರಡೂ ತಂತಿಗೆ ತಾಗುತ್ತಿದೆ. 'ಮ ದ' ಬರೆದಿದ್ದೆ, ಹತ್ತುವುದು. ಇಳಿಯುವ 'ದ ಮ ದ ಮ' ಬರೆದಿರಲಿಲ್ಲ. ನಾಳೆಯ ಹಾಳೆಯಲ್ಲಿ ಅದು ಇರುತ್ತದೆ.